ಮರಿಯ ಬಟ್ಟಲು ಮರಿಗೇ: ಒಂದೇ ಮನೆಯಲ್ಲಿ ಮೂರು ವಯಸ್ಸಿನ ಬೆಕ್ಕುಗಳಿಗೆ ಊಟ ಹಾಕುವುದು ಹೇಗೆ

ಮನೆಯಲ್ಲಿ ಮೂರು ಬೆಕ್ಕು. 3 ತಿಂಗಳ ಮರಿ, ಸಂತಾನಹರಣದ ಆಪರೇಷನ್ ಆದ 4 ವರ್ಷದ ಗಂಡು, 12 ದಾಟಿದ ಮುದಿ ಹೆಣ್ಣು. ಮನೆಯವರು ಮೂರಕ್ಕೂ ಬೇರೆ ಬೇರೆ ಪ್ಯಾಕೆಟ್ ತರುತ್ತಾರೆ, ಮೂರು ಬಟ್ಟಲು ಸಾಲಾಗಿಟ್ಟು ತುಂಬುತ್ತಾರೆ, ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗಂಡುಬೆಕ್ಕು ಉಬ್ಬಿರುತ್ತದೆ, ಮುದಿಯದರ ಬೆನ್ನುಮೂಳೆ ಕೈಗೆ ಸಿಗುತ್ತದೆ, ಮರಿಗೆ ಭೇದಿ ನಿಂತಿರುವುದಿಲ್ಲ. ಆಗ ಬ್ರ್ಯಾಂಡ್ ಬದಲಿಸುತ್ತಾರೆ. ಮತ್ತೆರಡು ತಿಂಗಳಿಗೆ ಅದೇ ಕಥೆ.

ಇಲ್ಲಿ ತಪ್ಪಿದ್ದು ಪ್ಯಾಕೆಟ್ ಅಲ್ಲ, ಕ್ರಮ. ಯಾರ ಬಟ್ಟಲಲ್ಲಿ ಯಾರು ತಿಂದರು ಎಂಬುದು ಗೊತ್ತಿಲ್ಲದ ಮನೆಯಲ್ಲಿ ಎಷ್ಟು ಒಳ್ಳೆಯ ಆಹಾರ ತಂದರೂ ಅದು ಗಟ್ಟಿ ಬೆಕ್ಕಿನ ಹೊಟ್ಟೆ ಸೇರುತ್ತದೆ. ಆದ್ದರಿಂದ ಮೊದಲು ತೂಕ, ಆಮೇಲೆ ಹೊತ್ತು, ಆಮೇಲೆ ಜಾಗ, ಆಮೇಲೆ ಅಳತೆ. ಹೊಸ ಆಹಾರಕ್ಕೆ ದುಡ್ಡು ಹಾಕುವುದು ಇಷ್ಟೆಲ್ಲ ಆದ ಮೇಲೆ.

## ಕೈಗೆ ಬೇಕಾದ ಸಾಮಾನು

1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸ ನಡೆಯುವುದಿಲ್ಲ. ಲೋಟ, ಚಮಚ, ಮುಷ್ಟಿ ಯಾವುದನ್ನೂ ನಂಬಬೇಡಿ. ಒಂದೇ ಲೋಟದಲ್ಲಿ ಇಬ್ಬರು ಅಳೆದರೆ 10 ಗ್ರಾಂ ವ್ಯತ್ಯಾಸ ಸುಲಭವಾಗಿ ಬರುತ್ತದೆ. 60 ಗ್ರಾಂ ತಿನ್ನುವ ಪ್ರಾಣಿಗೆ 10 ಗ್ರಾಂ ಎಂದರೆ ಊಟದ ಆರನೇ ಒಂದು ಪಾಲು.

ಇದರ ಜೊತೆಗೆ ಮನುಷ್ಯರ ತೂಕದ ಯಂತ್ರ, ಮೀಸೆ ತಾಗದಷ್ಟು ಅಗಲವಾದ ಮೂರು ಸ್ಟೀಲ್ ತಟ್ಟೆ, ಮುಚ್ಚಳವಿರುವ 45–50 ಲೀಟರಿನ ಒಂದು ಪ್ಲಾಸ್ಟಿಕ್ ಡಬ್ಬ, ಪ್ರತಿ ಬೆಕ್ಕಿನ ಹೆಸರು ಬರೆದ ಒಂದೊಂದು ಚಿಕ್ಕ ಡಬ್ಬಿ, ಫ್ರಿಜ್ ಬಾಗಿಲಿಗೆ ಅಂಟಿಸಲು ಒಂದು ಹಾಳೆ.

## ಹಂತ 1: ತೂಗಿ, ಮುಟ್ಟಿ ನೋಡಿ

ಮರಿಯನ್ನು ಅಡುಗೆ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ತೂಗಬಹುದು. ದೊಡ್ಡ ಬೆಕ್ಕನ್ನು ಎತ್ತಿಕೊಂಡು ನೀವು ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಮೂರು ಸಲ ತೂಗಿ ಸರಾಸರಿ ಹಿಡಿಯಿರಿ. 100 ಗ್ರಾಂ ಆಚೀಚೆ ಆಗುವುದು ಈ ವಿಧಾನದಲ್ಲಿ ಸಹಜ.

ತೂಕದ ಅಂಕಿಯೊಂದೇ ಸಾಲದು. ಪಕ್ಕೆಗಳ ಮೇಲೆ ಬೆರಳು ಆಡಿಸಿ. ನಿಮ್ಮ ಅಂಗೈ ತಿರುಗಿಸಿ ಹಿಂಬದಿಯ ಎಲುಬು ಮುಟ್ಟಿದ ಹಾಗೆ ಪಕ್ಕೆ ಸಿಕ್ಕರೆ ಮೈಕಟ್ಟು ಸರಿಯಿದೆ. ಮುಷ್ಟಿ ಬಿಗಿದಾಗಿನ ಗೆಣ್ಣುಗಳ ಹಾಗೆ ಎದ್ದು ಸಿಕ್ಕರೆ ಬೆಕ್ಕು ಸೊರಗಿದೆ. ಅಂಗೈಯ ಮೆತ್ತನೆಯ ಭಾಗದ ಹಾಗೆ, ಒತ್ತಿದರೂ ಎಲುಬು ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ. ಹಿಂಗಾಲಿನ ಮುಂದೆ ಜೋತುಬಿದ್ದು ನಡೆಯುವಾಗ ಓಲಾಡುವ ಚರ್ಮದ ಮಡಿಕೆಯನ್ನು ಬೊಜ್ಜು ಎಂದುಕೊಳ್ಳಬೇಡಿ. ತೆಳ್ಳಗಿನ ಬೆಕ್ಕಿಗೂ ಅದು ಇರುತ್ತದೆ.

ಮುದಿ ಬೆಕ್ಕಿನಲ್ಲಿ ಬೆನ್ನುಮೂಳೆಯ ಎರಡೂ ಬದಿಯ ಮಾಂಸ ಮತ್ತು ತೊಡೆಯನ್ನು ಮುಟ್ಟಿ ನೋಡಿ. ಹೊಟ್ಟೆ ದುಂಡಗಿದ್ದು ಬೆನ್ನು ಗರಗಸದಂತಾಗಿದ್ದರೆ ಸ್ನಾಯು ಕರಗುತ್ತಿದೆ. ಇದು ತೂಕದ ಯಂತ್ರಕ್ಕೆ ಕಾಣುವುದಿಲ್ಲ, ಕೈಗೆ ಕಾಣುತ್ತದೆ.

10 ವರ್ಷ ದಾಟಿದ ಬೆಕ್ಕಿನ ಆಹಾರ ಮುಟ್ಟುವ ಮೊದಲು ಒಂದು ಸಲ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಬಾಯಿ ತೋರಿಸಿ. ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ, ಹಲ್ಲು: ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂಬುದರ ಮೇಲೆ ತಟ್ಟೆಗೆ ಏನು ಹಾಕಬೇಕೆಂಬುದು ನಿಂತಿದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಈ ಪರೀಕ್ಷೆಗಳಿಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಮರಿಗೆ ಇದೇ ಹೊತ್ತಿನಲ್ಲಿ ಜಂತುಹುಳುವಿನ ಔಷಧಿ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹುಳು ತುಂಬಿದ ಹೊಟ್ಟೆಗೆ ಎಷ್ಟು ಹಾಕಿದರೂ ಮೈಗೆ ಹತ್ತುವುದಿಲ್ಲ.

## ಹಂತ 2: ಸದಾ ತುಂಬಿದ ಬಟ್ಟಲನ್ನು ಎತ್ತಿಡಿ

ದಿನವಿಡೀ ತುಂಬಿರುವ ಬಟ್ಟಲು ಇರುವವರೆಗೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ. ಆದರೆ ಒಂದೇ ದಿನದಲ್ಲಿ ಎತ್ತಿಬಿಡಬೇಡಿ. ದಿನದ ಒಟ್ಟು ಆಹಾರ ಅಷ್ಟೇ ಇರಲಿ, ಅದನ್ನು ನಾಲ್ಕು ಹೊತ್ತಿಗೆ ಹಂಚಿ. ಮೊದಲ ಮೂರು ದಿನ ಪ್ರತಿ ಹೊತ್ತು 1 ಗಂಟೆ ಇಡಿ. ನಂತರದ ಮೂರು ದಿನ 40 ನಿಮಿಷ. ಏಳನೇ ದಿನದಿಂದ 20–25 ನಿಮಿಷಕ್ಕೆ ತಟ್ಟೆ ತೆಗೆಯಿರಿ.

ಹೊತ್ತುಗಳನ್ನು ಹೀಗೆ ಇಟ್ಟುಕೊಳ್ಳಬಹುದು: ಬೆಳಿಗ್ಗೆ 6:30, ಮಧ್ಯಾಹ್ನ 12:30, ಸಂಜೆ 6, ರಾತ್ರಿ 10. 4 ತಿಂಗಳೊಳಗಿನ ಮರಿಗೆ ನಾಲ್ಕೂ ಹೊತ್ತು ಬೇಕೇ ಬೇಕು, ಅದರ ಹೊಟ್ಟೆ ಚಿಕ್ಕದು. 4ರಿಂದ 6 ತಿಂಗಳಿಗೆ ಮೂರು ಹೊತ್ತು ಸಾಕು. ಪ್ರಾಯದ ಬೆಕ್ಕಿಗೆ ಬೆಳಿಗ್ಗೆ, ಸಂಜೆ, ಮತ್ತು ರಾತ್ರಿ 10ಕ್ಕೆ ಒಂದು ಸಣ್ಣ ಪಾಲು. ರಾತ್ರಿಯ ಈ ಪಾಲು ಬಿಟ್ಟ ಮನೆಗಳಲ್ಲಿ ಬೆಳಗಿನ ಜಾವ 4ಕ್ಕೆ ಬಾಗಿಲು ಕೆರೆಯುವ ಸದ್ದು ಶುರುವಾಗುತ್ತದೆ. ಆ ಸದ್ದಿಗೆ ಎದ್ದು ಒಂದು ಸಲ ಊಟ ಹಾಕಿದರೆ ಅದೇ ರೂಢಿಯಾಗುತ್ತದೆ. ಮುದಿ ಬೆಕ್ಕಿಗೂ ನಾಲ್ಕು ಹೊತ್ತು, ಸ್ವಲ್ಪ ಸ್ವಲ್ಪ. ಅದು ಒಂದೇ ಸಲಕ್ಕೆ ಹೆಚ್ಚು ತಿನ್ನಲಾರದು.

«ಹಸಿದರೆ ತಾನಾಗಿ ತಿನ್ನುತ್ತದೆ» ಎಂಬ ಮಾತು ಬೆಕ್ಕಿನ ವಿಷಯದಲ್ಲಿ ಪ್ರಾಣಕ್ಕೆ ಕುತ್ತು. ಮೈತುಂಬಿಕೊಂಡ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಬಂದು ತುಂಬಿಕೊಂಡು ಅದು ಕೆಲಸ ನಿಲ್ಲಿಸಬಹುದು. ಕಿವಿಯ ಒಳಭಾಗ, ಒಸಡು ಹಳದಿಯಾಗುವುದು ಅದರ ಗುರುತು. ಹಟಕ್ಕೆ ಹಟ ಹಾಕಿ ಉಪವಾಸ ಕೆಡವುವ ಪ್ರಯೋಗ ಬೇಡ.

## ಹಂತ 3: ಜಾಗ ಬೇರೆ ಮಾಡಿ

ಹೆಚ್ಚಿನವರು ಸೋಲುವುದು ಇಲ್ಲೇ. ತಟ್ಟೆಗಳ ನಡುವೆ ಎರಡು ಅಡಿ ಬಿಟ್ಟರೆ ಬೇರ್ಪಡಿಸಿದಂತೆ ಎಂದುಕೊಳ್ಳುತ್ತಾರೆ. ಬೆಕ್ಕುಗಳು ನಾಯಿಗಳಂತೆ ಗುರುಗುಟ್ಟಿ ಜಗಳವಾಡದೆಯೇ ಊಟ ಕಸಿದುಕೊಳ್ಳುತ್ತವೆ. ಗಂಡುಬೆಕ್ಕು ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತದೆ, ಮುದಿಯದು ತಟ್ಟೆ ಬಿಟ್ಟು ಎದ್ದು ಹೋಗುತ್ತದೆ. ನೋಡುವವರಿಗೆ ಅದು «ಸಾಕಾಯ್ತು» ಎಂದಂತೆ ಕಾಣುತ್ತದೆ. ಹಾಗಾಗಿ ಒಂದು ದಿನ ಫೋನ್ ಕ್ಯಾಮೆರಾವನ್ನು ಮೂಲೆಯಲ್ಲಿಟ್ಟು ಊಟದ ಹೊತ್ತನ್ನು ಚಿತ್ರೀಕರಿಸಿ ನೋಡಿ. ಯಾರು ಯಾರ ತಟ್ಟೆಗೆ ಹೋದರು, ಎಷ್ಟನೇ ನಿಮಿಷಕ್ಕೆ ಹೋದರು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಬೇರ್ಪಡಿಸುವ ಸೂತ್ರ ಇದು: ಎತ್ತರ ಪ್ರಾಯದ ಬೆಕ್ಕಿನದು, ಡಬ್ಬ ಮರಿಯದು, ಬಾಗಿಲು ಮುದಿಯದರದು.

ಎತ್ತರ. ಪ್ರಾಯದ ಬೆಕ್ಕಿನ ತಟ್ಟೆಯನ್ನು 90 ಸೆಂ.ಮೀ. ಮೇಲಿನ ಕಟ್ಟೆ ಅಥವಾ ಮೇಜಿನ ಮೇಲೆ ಇಡಿ. 3 ತಿಂಗಳ ಮರಿ ಅಲ್ಲಿಗೆ ಹಾರುವುದು ಕಷ್ಟ, ಕೀಲುನೋವಿನ ಮುದಿಯದು ಹಾರುವುದಿಲ್ಲ. ಪಕ್ಕದಲ್ಲಿ ಕುರ್ಚಿ, ಪರದೆ ಇರಬಾರದು, ಮರಿ ಪರದೆ ಹಿಡಿದು ಏರುತ್ತದೆ. ಕೆಲವರು ತಿರುಗಾಮುರುಗಾ ಮಾಡಿ ಮುದಿಯದನ್ನು ಮೇಲೆ ಕೂರಿಸುತ್ತಾರೆ. ಏರಿಳಿಯುವ ನೋವಿಗೇ ಅದು ಊಟ ಬಿಡುತ್ತದೆ.

ಡಬ್ಬ. ಪ್ಲಾಸ್ಟಿಕ್ ಡಬ್ಬದ ಒಂದು ಕಿರುಬದಿಯಲ್ಲಿ ಮರಿಯ ತಲೆ ತೂರುವಷ್ಟು ದುಂಡಗಿನ ಕಿಂಡಿ ಕೊರೆಯಿರಿ. ಅಳತೆಗೆ, ಮರಿಯ ಕೆನ್ನೆಯಿಂದ ಕೆನ್ನೆಗೆ ಇರುವ ಅಗಲಕ್ಕೆ 1 ಸೆಂ.ಮೀ. ಸೇರಿಸಿ. ನೇರವಾಗಿ ಡಬ್ಬ ಕೊರೆಯುವ ಮುಂಚೆ ರಟ್ಟಿನಲ್ಲಿ ಕಿಂಡಿ ಮಾಡಿ ದೊಡ್ಡ ಬೆಕ್ಕಿನ ತಲೆ ತೂರುವುದಿಲ್ಲ ಎಂದು ನೋಡಿಕೊಳ್ಳಿ. ತಲೆ ತೂರಿದ ಕಡೆ ಬೆಕ್ಕಿನ ಮೈಯೂ ತೂರುತ್ತದೆ. ಕೊರೆದ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ದಪ್ಪ ಟೇಪು ಸುತ್ತಿ. ಮುಚ್ಚಳದಲ್ಲಿ ಗಾಳಿಗೆ ಹತ್ತಾರು ರಂಧ್ರ ಇರಲಿ. ತಟ್ಟೆಯನ್ನು ಕಿಂಡಿಯಿಂದ 40 ಸೆಂ.ಮೀ. ದೂರದ ತುದಿಯಲ್ಲಿಡಿ, ಹತ್ತಿರವಿದ್ದರೆ ಗಂಡುಬೆಕ್ಕು ಕೈ ಹಾಕಿ ಕಾಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತದೆ. ಡಬ್ಬದ ಮೇಲೆ ಒಂದು ಇಟ್ಟಿಗೆ ಇಡಿ, ಇಲ್ಲದಿದ್ದರೆ ಉರುಳಿಸುತ್ತವೆ.

ಮರಿ ಮೊದಲ ದಿನವೇ ಒಳಗೆ ಹೋಗುವುದಿಲ್ಲ. ಮುಚ್ಚಳ ತೆಗೆದು ಎರಡು ದಿನ ಅದರೊಳಗೇ ಉಣಿಸಿ, ಆಮೇಲೆ ಮುಚ್ಚಿ. ಈ ಉಪಾಯ ಸುಮಾರು ನಾಲ್ಕು, ನಾಲ್ಕೂವರೆ ತಿಂಗಳವರೆಗೆ ನಡೆಯುತ್ತದೆ. ಮರಿ ಒಳಗೆ ಹೋಗುವಾಗ ಹೆಗಲು ಉಜ್ಜಲು ಶುರುವಾದ ದಿನ ಡಬ್ಬವನ್ನು ಎತ್ತಿಡಿ. ಸಿಕ್ಕಿಕೊಂಡ ಮರಿ ಮತ್ತೆಂದೂ ಅದರ ಹತ್ತಿರ ಬಾರದು.

ಬಾಗಿಲು. ಮುದಿ ಬೆಕ್ಕಿಗೆ ಒಂದು ಕೋಣೆ, ಮುಚ್ಚಿದ ಬಾಗಿಲು, 25 ನಿಮಿಷ. ತಟ್ಟೆಯ ಕೆಳಗೆ 8–10 ಸೆಂ.ಮೀ. ಎತ್ತರದ ಮಣೆ ಇಟ್ಟರೆ ಕತ್ತು ಬಗ್ಗಿಸುವ ನೋವು ತಪ್ಪುತ್ತದೆ. ನೆಲ ಜಾರದಂತೆ ಒಂದು ಗೋಣಿತಾಟು ಹಾಸಿ. ವಾಷಿಂಗ್ ಮೆಷಿನ್, ಮಿಕ್ಸಿ ಸದ್ದು ಇರುವ ಯುಟಿಲಿಟಿ ಜಾಗ ಬೇಡ, ಸದ್ದಿಗೆ ಬೆದರಿದ ಮುದಿ ಬೆಕ್ಕು ಆ ಜಾಗವನ್ನೇ ಬಿಟ್ಟುಬಿಡುತ್ತದೆ. ಬೆಕ್ಕು ಮಲಮೂತ್ರ ಮಾಡುವ ಮರಳಿನ ಲಿಟರ್ ಟ್ರೇ ಇರುವ ಕೋಣೆಯೂ ಬೇಡ.

ಒಂದೇ ಕೋಣೆಯ ಮನೆಯಾದರೆ ಬಚ್ಚಲು ಬಾಗಿಲನ್ನು ಬಳಸಿ, ಒಣಗಿಸಿ ಒರೆಸಿದ ಮೇಲೆ. ಅದೂ ಆಗದಿದ್ದರೆ ಬೆಕ್ಕನ್ನು ಸಾಗಿಸುವ ಪಂಜರದಲ್ಲಿ ಮುದಿಯದಕ್ಕೆ ಊಟ ಕೊಡಿ. ಇದರಿಂದ ಇನ್ನೊಂದು ಲಾಭವಿದೆ, ಆಸ್ಪತ್ರೆಗೆ ಹೊರಟ ದಿನ ಪಂಜರ ಕಂಡು ಓಡುವುದಿಲ್ಲ.

ಮೈಯೊಳಗಿನ ಚಿಪ್ ಅಥವಾ ಕೊರಳಪಟ್ಟಿಯ ಬಿಲ್ಲೆ ಓದಿ ಮುಚ್ಚಳ ತೆರೆಯುವ ಯಂತ್ರಗಳೂ ಸಿಗುತ್ತವೆ. ದುಬಾರಿ. ಹಗಲಿಡೀ ಮನೆಯಲ್ಲಿ ಯಾರೂ ಇಲ್ಲದವರಿಗೆ, ಮೂತ್ರಪಿಂಡದ ಪಥ್ಯದ ಆಹಾರ ತಿನ್ನುವ ಬೆಕ್ಕು ಇರುವವರಿಗೆ ದುಡ್ಡಿಗೆ ತಕ್ಕ ಕೆಲಸ ಮಾಡುತ್ತವೆ. ಅದನ್ನು ಮೂಲೆಗೆ ಒತ್ತಿ ಇಡಬೇಕು. ನಡುಮನೆಯಲ್ಲಿಟ್ಟರೆ ಮುಚ್ಚಳ ತೆರೆದಾಗ ಇನ್ನೊಂದು ಬೆಕ್ಕು ಪಕ್ಕದಿಂದ ಮೂತಿ ತೂರಿಸುತ್ತದೆ. ಹೊತ್ತಿಗೆ ಸರಿಯಾಗಿ ತಾನೇ ಊಟ ಹಾಕುವ ಗಡಿಯಾರದ ಯಂತ್ರ ಕೊಳ್ಳುವುದಾದರೆ ಬ್ಯಾಟರಿಯಲ್ಲೂ ಓಡುವಂಥದ್ದನ್ನೇ ಕೊಳ್ಳಿ, ಕರೆಂಟು ಹೋದ ಮಧ್ಯಾಹ್ನ ಮರಿ ಉಪವಾಸ ಬೀಳಬಾರದು.

## ಹಂತ 4: ಗ್ರಾಂ ಲೆಕ್ಕ

ಫೋನಿನ ಕ್ಯಾಲ್ಕುಲೇಟರ್ ಸಾಕು. ಬೆಕ್ಕಿನ ತೂಕವನ್ನು ಕೆ.ಜಿ.ಯಲ್ಲಿ ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದರ ವರ್ಗಮೂಲವನ್ನು ಎರಡು ಸಲ ತೆಗೆಯಿರಿ, 70ರಿಂದ ಗುಣಿಸಿ. ಸುಮ್ಮನೆ ಬಿದ್ದುಕೊಂಡಿರುವ ಬೆಕ್ಕಿಗೆ ದಿನಕ್ಕೆ ಬೇಕಾದ ಕಿಲೋಕ್ಯಾಲೊರಿ ಇದು. 4 ಕೆ.ಜಿ.ಗೆ: 4×4×4 = 64, ವರ್ಗಮೂಲ 8, ಅದರ ವರ್ಗಮೂಲ 2.83, 70ರಿಂದ ಗುಣಿಸಿದರೆ 198.

ಇದನ್ನು ವಯಸ್ಸಿಗೆ ತಕ್ಕಂತೆ ಹಿಗ್ಗಿಸಬೇಕು. ಬೆಳೆಯುವ ಮರಿಗೆ 2.5 ಪಟ್ಟು. ಆಪರೇಷನ್ ಆದ ಪ್ರಾಯದ ಬೆಕ್ಕಿಗೆ 1.2 ಪಟ್ಟು. ಆರೋಗ್ಯವಾಗಿರುವ ಮುದಿಯದಕ್ಕೂ 1.2ರಿಂದ ಶುರುಮಾಡಿ, ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕೇಳಿ 1.4ರವರೆಗೆ ಏರಿಸಿ. ದಪ್ಪಗಿರುವುದನ್ನು ಇಳಿಸಬೇಕಾದರೆ ಅದರ ಈಗಿನ ತೂಕವನ್ನಲ್ಲ, ಇರಬೇಕಾದ ತೂಕವನ್ನು ಹಿಡಿದು ಲೆಕ್ಕಮಾಡಿ 0.8ರಿಂದ ಗುಣಿಸಿ.

ಮೇಲೆ ಹೇಳಿದ ಮನೆಯನ್ನೇ ತೆಗೆದುಕೊಳ್ಳಿ. 1.2 ಕೆ.ಜಿ.ಯ ಮರಿಗೆ 80×2.5, ಅಂದರೆ 200 ಕಿಲೋಕ್ಯಾಲೊರಿ. 4 ಕೆ.ಜಿ.ಯ ಗಂಡಿಗೆ 238. 3.2 ಕೆ.ಜಿ.ಯ ಮುದಿಯದಕ್ಕೆ 200. ಅಂಗೈಯಷ್ಟು ಮರಿಗೂ ಅದರ ಎರಡೂವರೆ ಪಟ್ಟು ತೂಗುವ ಮುದಿ ಬೆಕ್ಕಿಗೂ ಬೇಕಾದದ್ದು ಒಂದೇ! «ಮರಿ ಅಲ್ವಾ, ಚಿಟಿಕೆ ಹಾಕಿದರೆ ಸಾಕು» ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಇನ್ನು ಪ್ಯಾಕೆಟ್ ತಿರುಗಿಸಿ. ಕೆಲವು ಪ್ಯಾಕೆಟ್‌ಗಳಲ್ಲಿ ಕೆ.ಜಿ.ಗೆ ಇಷ್ಟು ಕಿಲೋಕ್ಯಾಲೊರಿ ಎಂದು ಬರೆದಿರುತ್ತದೆ. ಇಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು. ಪ್ರೋಟೀನ್, ಕೊಬ್ಬು, ನಾರು, ಬೂದಿ, ತೇವಾಂಶದ ಶೇಕಡಾಗಳನ್ನು ಕೂಡಿಸಿ 100ರಿಂದ ಕಳೆದರೆ ಉಳಿಯುವುದು ಪಿಷ್ಟ. ಬೂದಿಯ ಅಂಶ ಬರೆಯದಿದ್ದರೆ ಒಣ ಆಹಾರಕ್ಕೆ 8 ಎಂದು ಹಿಡಿಯಿರಿ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿ. ಪ್ರೋಟೀನ್ 32, ಕೊಬ್ಬು 12, ನಾರು 4, ಬೂದಿ 8, ತೇವಾಂಶ 10 ಇದ್ದರೆ ಪಿಷ್ಟ 34. ಆಗ 112+102+119, ಅಂದರೆ 100 ಗ್ರಾಂಗೆ 333 ಕಿಲೋಕ್ಯಾಲೊರಿ.

ಗ್ರಾಂಗೆ 4 ಕಿಲೋಕ್ಯಾಲೊರಿ ಇರುವ ಮರಿ ಆಹಾರವಾದರೆ ಮರಿಗೆ ದಿನಕ್ಕೆ 50 ಗ್ರಾಂ, ನಾಲ್ಕು ಪಾಲು. ಗ್ರಾಂಗೆ 3.7 ಇರುವ ಒಣ ಆಹಾರವಾದರೆ ಗಂಡಿಗೆ 64 ಗ್ರಾಂ. ಮುದಿಯದಕ್ಕೆ 65 ಕಿಲೋಕ್ಯಾಲೊರಿಯ ಮೆತ್ತಗಿನ ಹಸಿ ಆಹಾರದ ಒಂದು ಪೌಚ್ ಮತ್ತು 36 ಗ್ರಾಂ ಒಣ ಆಹಾರ. ಬೆಳಿಗ್ಗೆಯೇ ಇಡೀ ದಿನದ್ದನ್ನು ತೂಗಿ ಹೆಸರಿನ ಡಬ್ಬಿಗಳಿಗೆ ಹಾಕಿಡಿ. ಅಜ್ಜಿ ಹಾಕಲಿ, ಮಕ್ಕಳು ಹಾಕಲಿ, ಆ ಡಬ್ಬಿಯಿಂದಲೇ ಹಾಕಬೇಕು. ಡಬ್ಬಿ ಖಾಲಿಯಾದರೆ ಅವತ್ತಿನ ಊಟ ಮುಗಿಯಿತು. ಹಾಕಿದವರು ಫ್ರಿಜ್ ಮೇಲಿನ ಹಾಳೆಯಲ್ಲಿ ಗೆರೆ ಎಳೆಯಲಿ. ಮೂರು ಜನ ಮೂರು ಸಲ «ಪಾಪ, ಇನ್ನೂ ತಿಂದಿಲ್ಲ» ಎಂದು ಹಾಕುವ ಮನೆಗಳಲ್ಲಿ ಬೆಕ್ಕು ದಪ್ಪಗಾಗದೆ ಇರದು.

ತಿಂಡಿ, ಕೋಳಿ ಚೂರು, ಟ್ಯೂಬಿನ ಕ್ರೀಮು ಎಲ್ಲ ಸೇರಿ ದಿನದ ಶೇ 10ನ್ನು ಮೀರಬಾರದು. ಗಂಡುಬೆಕ್ಕಿಗೆ ಅದು 24 ಕಿಲೋಕ್ಯಾಲೊರಿ, ಅಂದರೆ ಬೇಯಿಸಿದ ಕೋಳಿ ಎದೆಮಾಂಸ 15 ಗ್ರಾಂ. ಅಷ್ಟನ್ನು ಊಟದ ಲೆಕ್ಕದಿಂದ ಕಳೆಯಬೇಕು.

ಈ ಅಂಕಿಗಳೆಲ್ಲ ಆರಂಭಕ್ಕೆ. ಒಂದೊಂದು ಬೆಕ್ಕಿನ ಮೈ ಒಂದೊಂದು ಥರ ಉರಿಯುತ್ತದೆ. ಎರಡು ವಾರ ನೋಡಿ ಶೇ 10 ಏರಿಸಿ ಅಥವಾ ಇಳಿಸಿ.

## ಹಂತ 5: ಯಾರಿಗೆ ಯಾವುದು

ಪ್ಯಾಕೆಟ್ ಮೇಲೆ «ಕಂಪ್ಲೀಟ್» ಎಂದಿದ್ದರೆ ಅದೊಂದನ್ನೇ ತಿಂದು ಬೆಕ್ಕು ಬದುಕಬಲ್ಲದು. «ಕಾಂಪ್ಲಿಮೆಂಟರಿ» ಎಂದಿದ್ದರೆ ಅದು ಬರಿ ನಂಜಿಕೊಳ್ಳುವುದಕ್ಕೆ. ಎರಡು ಪದ ಒಂದೇ ಥರ ಕಾಣುವುದರಿಂದ ಎಷ್ಟೋ ಜನ ಎರಡನೆಯದನ್ನೇ ಊಟವಾಗಿ ಹಾಕುತ್ತಿರುತ್ತಾರೆ.

ಮರಿಗೆ 12 ತಿಂಗಳವರೆಗೆ ಮರಿ ಆಹಾರ. ಪ್ರಾಣಿಗಳ ಆಹಾರಕ್ಕೆ ಮಾನದಂಡ ಗೊತ್ತುಮಾಡುವ ಅಮೆರಿಕದ ಆಫ್ಕೋ (AAFCO) ಸಂಸ್ಥೆಯ ಲೆಕ್ಕದಲ್ಲಿ, ತೇವಾಂಶ ಕಳೆದ ಲೆಕ್ಕಕ್ಕೆ, ಬೆಳೆಯುವ ಬೆಕ್ಕಿಗೆ ಕನಿಷ್ಠ ಶೇ 30 ಪ್ರೋಟೀನ್, ಶೇ 1 ಕ್ಯಾಲ್ಸಿಯಂ ಇರಬೇಕು. ಬೆಳೆದದ್ದಕ್ಕೆ ಶೇ 26 ಮತ್ತು ಶೇ 0.6 ಸಾಕು. ಈ ಅಂತರವನ್ನು ಅನ್ನ–ಕೋಳಿ ತುಂಬಲಾರದು. ಬರಿ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಪ್ರೀತಿಯಿಂದ ದಿನವೂ ಕೋಳಿ ಬೇಯಿಸಿ ಹಾಕಿದ ಮರಿಗಳು 4–5 ತಿಂಗಳಿಗೆ ಕುಂಟುತ್ತಾ, ಸೋಫಾದಿಂದ ಹಾರಿದ್ದಕ್ಕೇ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬರುವುದು ಇದೇ ಕಾರಣಕ್ಕೆ. ಮೈ ತನ್ನ ಎಲುಬನ್ನೇ ಕರಗಿಸಿ ಕ್ಯಾಲ್ಸಿಯಂ ತೆಗೆದುಕೊಂಡಿರುತ್ತದೆ.

ತಾಯಿಬೆಕ್ಕು ಹಾಲೂಡಿಸುತ್ತಿದ್ದರೆ ಅದಕ್ಕೂ ಮರಿ ಆಹಾರವೇ, ಅಳತೆಯಿಲ್ಲದೆ, ಬೇಕಾದಷ್ಟು. ಮರಿಗಳು 4 ವಾರಕ್ಕೆ ಅದೇ ತಟ್ಟೆಯನ್ನು ನೆಕ್ಕಲು ಶುರುಮಾಡಿ 8 ವಾರದ ಹೊತ್ತಿಗೆ ಹಾಲು ಬಿಡುತ್ತವೆ. ಈ ಅವಧಿಯಲ್ಲಿ ಒಣ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯಂತೆ ಮಾಡಿ ಕೊಡಿ.

ಮುದಿಯದರ ವಿಷಯದಲ್ಲಿ ಒಂದು ಹಳೆಯ ತಪ್ಪು ಇನ್ನೂ ಓಡುತ್ತಿದೆ: «ವಯಸ್ಸಾಯ್ತು, ಪ್ರೋಟೀನ್ ಕಡಿಮೆ ಮಾಡಿ.» ಮೂತ್ರಪಿಂಡ ಸರಿಯಿರುವ ಮುದಿ ಬೆಕ್ಕಿಗೆ ಪ್ರೋಟೀನ್ ಕಡಿತ ಮಾಡಿದರೆ ಸ್ನಾಯು ಕರಗುವುದು ಇನ್ನಷ್ಟು ಬಿರುಸಾಗುತ್ತದೆ. 12 ದಾಟಿದ ಮೇಲೆ ಅದಕ್ಕೆ ಕೊಬ್ಬು, ಪ್ರೋಟೀನ್ ಜೀರ್ಣಿಸುವ ಶಕ್ತಿಯೇ ಕುಗ್ಗುತ್ತದೆ. ಹಾಗಾಗಿ ಸುಲಭವಾಗಿ ಅರಗುವ, ಮೆತ್ತಗಿನ, ವಾಸನೆ ಬರುವ ಆಹಾರ ಬೇಕು. ವೈದ್ಯರು ಮೂತ್ರಪಿಂಡದ ಕಾಯಿಲೆ ಎಂದರೆ ಮಾತ್ರ ರಂಜಕ (ಫಾಸ್ಫರಸ್) ಕಡಿಮೆಯಿರುವ ಪಥ್ಯ. ಆ ಪಥ್ಯವನ್ನು ಮರಿ ತಿನ್ನಬಾರದು, ಮರಿಯ ರಂಜಕ ತುಂಬಿದ ಆಹಾರವನ್ನು ಆ ಮುದಿಯದು ತಿನ್ನಬಾರದು. ಇಂಥ ಮನೆಯಲ್ಲಿ ಬಾಗಿಲು ಹಾಕುವುದನ್ನು ಒಂದು ದಿನವೂ ತಪ್ಪಿಸಬೇಡಿ.

ಮೂರು ಪ್ಯಾಕೆಟ್ ಕೊಳ್ಳಲಾಗದಿದ್ದರೆ? ಪರೀಕ್ಷೆಯಲ್ಲಿ ಮುದಿಯದರ ಮೂತ್ರಪಿಂಡ ಸರಿಯಿದೆ ಎಂದಾದರೆ «ಆಲ್ ಲೈಫ್ ಸ್ಟೇಜಸ್» ಎಂದು ಬರೆದ ಒಂದೇ ಕಂಪ್ಲೀಟ್ ಆಹಾರವನ್ನು ಮೂರಕ್ಕೂ ಹಾಕಿ, ಗ್ರಾಂ ಮಾತ್ರ ಬೇರೆ ಬೇರೆ. ದೊಡ್ಡದರ ಆಹಾರವನ್ನು ಮರಿಗೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮ ಮನೆಗಳಲ್ಲಿ ಬೆಕ್ಕಿನ ತಟ್ಟೆಗೆ ಬೀಳುವ ಕೆಲವನ್ನು ಹೆಸರಿಟ್ಟು ಹೇಳಲೇಬೇಕು. ಹಾಲು: ತಾಯಿಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಅದರ ಸಕ್ಕರೆ ಅರಗುವುದಿಲ್ಲ, ಮರಿಯ ಭೇದಿಗೆ ಮೊದಲ ಅನುಮಾನ ಇದರ ಮೇಲಿರಲಿ. ಮೊಸರನ್ನ: ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಮಾಂಸ, ಮೀನಿನಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಬೇಕಾದಷ್ಟು ಇಲ್ಲ. ಟಾರಿನ್ ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಹೃದಯ ಹಿಗ್ಗುತ್ತದೆ, ಕಣ್ಣಿನ ಹಿಂಬದಿಯ ಅಕ್ಷಿಪಟಲ (ರೆಟಿನಾ) ಹಾಳಾಗಿ ದೃಷ್ಟಿ ಹೋಗುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಸಸ್ಯಾಹಾರಿ ಮನೆಯವರು ಮಾಂಸ ಮುಟ್ಟಬೇಕಾಗಿಲ್ಲ, ಪ್ಯಾಕೆಟ್ಟಿನ ಕಂಪ್ಲೀಟ್ ಆಹಾರ ಹಾಕಿದರೆ ಸಾಕು, ಆದರೆ ಬೆಕ್ಕನ್ನು ಸಸ್ಯಾಹಾರಿ ಮಾಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಗ್ರೇವಿ: ಇವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಕರಾವಳಿಯ ಮನೆಗಳಲ್ಲಿ ಹಸಿ ಬೂತಾಯಿ: ಅದರಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಮುಳ್ಳು ತೆಗೆದು ಬರಿ ನೀರಿನಲ್ಲಿ ಬೇಯಿಸಿ, ತಿಂಡಿಯ ಲೆಕ್ಕದಲ್ಲಿ ಕೊಡಿ. ನಾಯಿಯ ಆಹಾರ ಬೆಕ್ಕಿಗಲ್ಲ.

## ಹಂತ 6: ಹೊಸ ಆಹಾರಕ್ಕೆ ಹತ್ತು ದಿನ

ಮೊದಲ ಮೂರು ದಿನ ಹೊಸದು ಕಾಲು ಪಾಲು, ಹಳೆಯದು ಮುಕ್ಕಾಲು. ಮುಂದಿನ ಮೂರು ದಿನ ಅರ್ಧ ಅರ್ಧ. ಆಮೇಲೆ ಮೂರು ದಿನ ಮುಕ್ಕಾಲು ಹೊಸದು. ಹತ್ತನೇ ದಿನ ಪೂರ್ತಿ. ಮಲ ತೆಳುವಾದರೆ ಹಿಂದಿನ ಹಂತಕ್ಕೆ ಮರಳಿ ಮೂರು ದಿನ ನಿಲ್ಲಿ.

ಮೂರೂ ಬೆಕ್ಕುಗಳ ಆಹಾರವನ್ನು ಒಂದೇ ವಾರದಲ್ಲಿ ಬದಲಿಸಬೇಡಿ. ಟ್ರೇಯಲ್ಲಿ ನೀರಾದ ಮಲ ಕಂಡರೆ ಯಾರದ್ದೆಂದು ಹೇಳಲಾಗುವುದಿಲ್ಲ. ಮೊದಲು ಮರಿ, ಆಮೇಲೆ ಗಂಡು, ಕೊನೆಗೆ ಮುದಿಯದು. ಮುದಿಯದು ಹೊಸದನ್ನು ಮೂಸಿ ಬಿಟ್ಟರೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಮೈಶಾಖದಷ್ಟು, 37–38 ಡಿಗ್ರಿಗೆ ಬೆಚ್ಚಗೆ ಮಾಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಪೌಚಿಗೆ ವಾಸನೆಯೇ ಇರುವುದಿಲ್ಲ, ಮುದಿ ಬೆಕ್ಕಿನ ಮೂಗು ಮೊದಲೇ ಮಂದ.

## ಹಂತ 7: ನೀರು, ಇರುವೆ, ಮಳೆಗಾಲ

ಬೆಕ್ಕಿಗೆ ಆಹಾರದ ತೇವವೂ ಸೇರಿ ದಿನಕ್ಕೆ ಕೆ.ಜಿ.ಗೆ ಸುಮಾರು 50 ಮಿ.ಲೀ. ನೀರು ಬೇಕು. ಒಣ ಆಹಾರವೊಂದನ್ನೇ ತಿನ್ನುವ ಗಂಡುಬೆಕ್ಕು ಇಷ್ಟು ಕುಡಿಯದಿರುವುದೇ ಹೆಚ್ಚು. ನೀರಿನ ಬಟ್ಟಲನ್ನು ಊಟದ ತಟ್ಟೆಯ ಪಕ್ಕದಲ್ಲಿಡದೆ ಮನೆಯ ಮೂರು ಕಡೆ ಅಗಲ ಬಟ್ಟಲಿನಲ್ಲಿಡಿ.

ಇರುವೆಗೆ ಹಳೆಯ ಉಪಾಯವೇ ಸರಿ: ಅಗಲ ತಟ್ಟೆಯಲ್ಲಿ ನೀರು, ಅದರ ನಡುವೆ ಊಟದ ಬಟ್ಟಲು. ಬಟ್ಟಲಿನ ಸುತ್ತ ಇರುವೆ ಪುಡಿ, ಲಕ್ಷ್ಮಣರೇಖೆ ಯಾವುದೂ ಬೇಡ, ಬೆಕ್ಕು ಪಾದ ನೆಕ್ಕುತ್ತದೆ. ಪೌಚ್ ಆಹಾರವನ್ನು ಬೇಸಿಗೆಯಲ್ಲಿ ಅರ್ಧ ಗಂಟೆಗಿಂತ ಹೊರಗೆ ಬಿಡಬೇಡಿ. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೆರೆದ ಒಣ ಆಹಾರ ತೇವ ಹೀರಿ ಬೂಸಲು ಹಿಡಿಯುತ್ತದೆ. ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಇಳಿಸಿ, ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಅಂಗಡಿಯಲ್ಲಿ ದೊಡ್ಡ ಮೂಟೆಯಿಂದ ತೂಗಿ ಕೊಡುವ ಬಿಡಿ ಆಹಾರ ಅಗ್ಗ, ಆದರೆ ಯಾವಾಗ ತೆರೆದದ್ದೋ, ಯಾವಾಗ ಅವಧಿ ಮುಗಿಯುವುದೋ ತಿಳಿಯದು.

## ಹಂತ 8: ವಾರದ ತೂಕ, ಅಪಾಯದ ಗುರುತು

ಮರಿಯನ್ನು ವಾರಕ್ಕೆರಡು ಸಲ, ಮುದಿಯದನ್ನು ವಾರಕ್ಕೊಮ್ಮೆ, ಗಂಡನ್ನು ತಿಂಗಳಿಗೆರಡು ಸಲ ತೂಗಿ ಫ್ರಿಜ್ಜಿನ ಹಾಳೆಯಲ್ಲೇ ಬರೆಯಿರಿ.

ಮರಿ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು 400–450 ಗ್ರಾಂ ಏರಬೇಕು. ಒಂದು ವಾರ ತೂಕ ನಿಂತರೆ, ಹೊಟ್ಟೆ ಮಡಕೆಯಂತಾಗಿ ಮೈ ಒಣಗಿದ್ದರೆ ವೈದ್ಯರಿಗೆ ತೋರಿಸಿ. ಚಿಕ್ಕ ಮರಿ 12 ಗಂಟೆ ತಿನ್ನದಿದ್ದರೆ, ಒಂದು ದಿನಕ್ಕಿಂತ ಹೆಚ್ಚು ಭೇದಿಯಾದರೆ ನಾಳೆಗೆ ಕಾಯಬೇಡಿ. ಅದರ ಮೈಯಲ್ಲಿ ಕೂಡಿಟ್ಟ ಸಕ್ಕರೆ ಇರುವುದೇ ಸ್ವಲ್ಪ.

ಪ್ರಾಯದ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಗಂಡುಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿ, ಕೂಗಿ, ಹನಿ ಮೂತ್ರವೂ ಬಾರದೆ ಎದ್ದು ಬಂದರೆ ಅದು ಮಲಬದ್ಧತೆ ಎಂದುಕೊಂಡು ಮನೆಮದ್ದು ಮಾಡಬೇಡಿ. ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಸಾಯುತ್ತದೆ. ರಾತ್ರಿಯಾದರೂ ಹೊರಡಿ.

ಮುದಿಯದರಲ್ಲಿ ಮೋಸ ಮಾಡುವ ಗುರುತು ಒಂದಿದೆ: ಚೆನ್ನಾಗಿ ತಿನ್ನುತ್ತದೆ, ಇನ್ನೂ ಕೇಳುತ್ತದೆ, ಆದರೆ ತೂಕ ಇಳಿಯುತ್ತದೆ. «ಹಸಿವು ಚೆನ್ನಾಗಿದೆ» ಎಂದು ಮನೆಯವರು ಖುಷಿಪಡುತ್ತಾರೆ. ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಹೀಗೇ ಕಾಣಿಸಿಕೊಳ್ಳುತ್ತದೆ. ತಿಂಗಳಲ್ಲಿ ಶೇ 5 ಇಳಿದರೆ, ಅಂದರೆ 3.2 ಕೆ.ಜಿ.ಯ ಬೆಕ್ಕು 160 ಗ್ರಾಂ ಕಳೆದುಕೊಂಡರೆ, ತೋರಿಸಲೇಬೇಕು. ನೀರಿನ ಬಟ್ಟಲು ಬೇಗ ಖಾಲಿಯಾಗುವುದು, ಟ್ರೇಯಲ್ಲಿ ಮೂತ್ರಕ್ಕೆ ಗಟ್ಟಿಯಾದ ಮರಳಿನ ಉಂಡೆ ದೊಡ್ಡದಾಗುವುದು, ಕಾಳನ್ನು ಬಾಯಿಗೆ ತೆಗೆದುಕೊಂಡು ಉದುರಿಸುವುದು, ತಲೆ ವಾರೆ ಮಾಡಿ ಅಗಿಯುವುದು ಕೂಡ ಅಂಥವೇ. ನೋವಿದೆ ಎನಿಸಿದರೂ ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ.

## ಲೆಕ್ಕವನ್ನು ಮತ್ತೆ ಹಾಕಬೇಕಾದ ದಿನಗಳು

ಮರಿಯ ಲೆಕ್ಕವನ್ನು ಎರಡು ವಾರಕ್ಕೊಮ್ಮೆ ಹೊಸ ತೂಕಕ್ಕೆ ಹೊಂದಿಸಿ. 5–6 ತಿಂಗಳಿಗೆ ಆಪರೇಷನ್ ಆದ ಮೇಲೆ ಅದಕ್ಕೆ ಬೇಕಾದ ಶಕ್ತಿ ಸುಮಾರು ಕಾಲು ಭಾಗ ತಗ್ಗುತ್ತದೆ, ಹಸಿವು ಮಾತ್ರ ಏರುತ್ತದೆ. ಮರಿ ಆಹಾರವನ್ನೇ ಮುಂದುವರಿಸಿ, 2.5ರ ಬದಲು 1.8–2ರಿಂದ ಗುಣಿಸಿ, ಪಕ್ಕೆ ಮುಟ್ಟುತ್ತಾ ಹೋಗಿ. 12 ತಿಂಗಳಿಗೆ ಹತ್ತು ದಿನದ ಕ್ರಮದಲ್ಲಿ ದೊಡ್ಡದರ ಆಹಾರಕ್ಕೆ ತನ್ನಿ. ಅಷ್ಟರಲ್ಲಿ ಮರಿ 90 ಸೆಂ.ಮೀ. ಕಟ್ಟೆಗೆ ಹಾರುವುದನ್ನು ಎಂದೋ ಕಲಿತಿರುತ್ತದೆ. ಹಾರಿದ ಮೊದಲ ದಿನವೇ ಗಂಡುಬೆಕ್ಕಿಗೂ ಒಂದು ಬಾಗಿಲು ಹುಡುಕಿ.